ಅಳುವ ಡಾಕ್ಟರು

ಸೆಟ್ಟಿನಲ್ಲಿ ಎಲ್ಲರೂ ಅವರನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ಓದಿದ್ದು ಹತ್ತನೇ ಕ್ಲಾಸು, ಸೂಜಿ ಕಂಡರೆ ಮುಖ ಆ ಕಡೆ ತಿರುಗಿಸುವ ಪ್ರಾಣಿ. ಆದರೂ ಯಾವ ಧಾರಾವಾಹಿಯಲ್ಲಿ ಯಾರಿಗೆ ಆಕ್ಸಿಡೆಂಟ್ ಆಗಲಿ, ಆಪರೇಷನ್ ಥಿಯೇಟರಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದು, ಮಾಸ್ಕು ಇಳಿಸಿ, ಒಂದು ಸಾಲು ಹೇಳಿ ಹೋಗುವುದಕ್ಕೆ ಫೋನು ಇವರಿಗೇ ಬರುತ್ತಿತ್ತು. ನರೆತ ಕೂದಲು, ನೆಟ್ಟಗಿನ ಬೆನ್ನು, ಕೆಟ್ಟ ಸುದ್ದಿ ಹೇಳುವುದಕ್ಕೆಂದೇ ಹೇಳಿ ಮಾಡಿಸಿದಂಥ ಮುಖ. ಮದುವೆಗೆ ಮುಂಚೆ ನಾಟಕದ ಹುಚ್ಚು ಹತ್ತಿಸಿಕೊಂಡು ರಾಜನಾಗಿದ್ದರು, ಕಳ್ಳನಾಗಿದ್ದರು. ಆಮೇಲೆ ಚಪ್ಪಲಿ ಅಂಗಡಿಯಲ್ಲಿ ಕೂತು ಊರವರ ಪಾದದ ಅಳತೆ ತೆಗೆದಿದ್ದರು. ಟಿವಿಗೆ ಬಂದ ಮೇಲೆ ಮಾತ್ರ ಬಿಳಿ ಕೋಟು ಬಿಟ್ಟು ಬೇರೆ ಏನೂ ಸಿಗಲಿಲ್ಲ.

ಆ ಕೋಟು ಅವರ ಸ್ವಂತದ್ದು. ಸಣ್ಣ ಪಾತ್ರದವರಿಗೆ ಬಟ್ಟೆ ಕೊಡುವ ಸೆಟ್ಟುಗಳು ಕಡಿಮೆ, ಕೊಟ್ಟರೂ ಹಿಂದಿನವನ ಬೆವರು ಅದರಲ್ಲಿ ಇನ್ನೂ ಆರಿರುವುದಿಲ್ಲ. ಹೆಂಡತಿ ಮನೆಯಲ್ಲೇ ಮಷೀನು ಹಾಕಿಕೊಂಡು ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಶೂಟಿಂಗಿನ ಹಿಂದಿನ ದಿನ ಆ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿ, ಗಂಡನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. "ನಿಜವಾದ ಡಾಕ್ಟ್ರ ಕೋಟೂ ಇಷ್ಟು ಬೆಳ್ಳಗಿರಲ್ಲ ಕಣ್ರೀ. ಅದಕ್ಕೇ ನಿಮ್ಮ ಪೇಷೆಂಟ್ ಎಲ್ಲ ಸಾಯ್ತಾರೆ, ಇಡೀ ದಿನ ಇಸ್ತ್ರಿ ಮಾಡಿಸ್ಕೊಳ್ತಾ ಕೂತಿರ್ತೀರಿ" ಎಂದು ನಗುತ್ತಿದ್ದಳು.

ಕೆಲಸ ಸಣ್ಣದಾದರೂ ಡಾಕ್ಟರ ನಡತೆ ಮಾತ್ರ ದೊಡ್ಡದು ಎಂದು ಎಲ್ಲರೂ ಒಪ್ಪುತ್ತಿದ್ದರು. ಬಾ ಎಂದ ಹೊತ್ತಿಗಿಂತ ಮುಂಚೆಯೇ ಹಾಜರು. ಯಾರ ಕುರ್ಚಿಯ ಮೇಲೂ ಕೂರುತ್ತಿರಲಿಲ್ಲ. ಗೋಡೆಯ ಪಕ್ಕ ನಿಂತೇ ಇರುತ್ತಿದ್ದರು, ಇಲ್ಲವೇ ಲೈಟಿನ ಪೆಟ್ಟಿಗೆಯ ಮೇಲೆ ಅರ್ಧ ಕೂತಿರುತ್ತಿದ್ದರು. ಹೊಸಬರು ಯಾರಾದರೂ ಬಂದರೆ ಪ್ರೊಡಕ್ಷನ್ ಮ್ಯಾನೇಜರ್ ಅವರನ್ನು ನೇರವಾಗಿ ಡಾಕ್ಟರ ಹತ್ತಿರ ಕಳಿಸುತ್ತಿದ್ದ. ಈ ಮ್ಯಾನೇಜರನಿಗೆ ಸೆಟ್ಟಿನವರು ಇಟ್ಟ ಹೆಸರು 'ಹತ್ನಿಮಿಷ'. ಊಟ ಯಾವಾಗ, ಗಾಡಿ ಯಾವಾಗ, ಏನು ಕೇಳಿದರೂ ಅವನ ಉತ್ತರ ಅದೇ. "ಹೋಗಮ್ಮ, ಡಾಕ್ಟ್ರ ಹತ್ರ ಕೇಳ್ಕೋ. ಸೆಟ್ಟಲ್ಲಿ ಹೇಗಿರ್ಬೇಕು ಅಂತ ಅವರು ಹೇಳ್ತಾರೆ" ಎನ್ನುತ್ತಿದ್ದ.

ಡಾಕ್ಟರು ಹೇಳುತ್ತಿದ್ದರು. ಹೇಳುವಾಗ ಗಂಟಲು ಸ್ವಲ್ಪ ಸರಿಮಾಡಿಕೊಳ್ಳುತ್ತಿದ್ದರು ಕೂಡ. "ನೋಡಮ್ಮ, ನಾವು ಒಂದು ನಿಮಿಷಕ್ಕೆ ಬಂದೋರು. ಆ ನಿಮಿಷ ನಮ್ಮದಲ್ಲ, ಕತೆಯದ್ದು. ಬರೆದಿದ್ದಕ್ಕಿಂತ ಒಂದು ಮಾತು ಜಾಸ್ತಿ ಆಡಬೇಡ. ಟೇಪ್ ಹಾಕಿದ ಕಡೆ ನಿಂತ್ಕೋ, ಅಲ್ಲಿಂದ ಕದಲಬೇಡ. ಡೈರೆಕ್ಟರ್ ಹತ್ರ ನೀನಾಗಿ ಹೋಗಿ ಮಾತಾಡಬೇಡ. ಇನ್ನೊಬ್ಬರು ನಟಿಸೋವಾಗ ನೀನು ಗಾಳಿ ಇದ್ದ ಹಾಗಿರ್ಬೇಕು, ಇದೀಯ ಅಂತಾನೂ ಗೊತ್ತಾಗಬಾರದು." ಹೊಸಬರು ತಲೆಯಾಡಿಸಿ ಹೋಗುತ್ತಿದ್ದರು. ಡಾಕ್ಟರಿಗೆ ಆ ದಿನವೆಲ್ಲ ಹೊಟ್ಟೆ ತುಂಬಿದ ಹಾಗೆ ಇರುತ್ತಿತ್ತು. ಪಾತ್ರ ದೊಡ್ಡದಾಗದವನಿಗೆ ಕೊನೆಗೆ ನೀತಿಯಾದರೂ ದೊಡ್ಡದಾಗಬೇಕಲ್ಲ.

ಇವರ ಜೊತೆಯಲ್ಲೇ ಸಣ್ಣ ಪಾತ್ರಗಳಲ್ಲಿ ನರೆ ಬಂದವರು ಇನ್ನೊಬ್ಬರಿದ್ದರು. ಅವರು ಸೆಟ್ಟಿಗೆಲ್ಲ ದೊಡ್ಡಮ್ಮ, ಏಕೆಂದರೆ ನಾಯಕಿಯ ದೊಡ್ಡಮ್ಮ, ನಾಯಕನ ದೊಡ್ಡಮ್ಮ, ವಿಲನ್ನಿನ ದೊಡ್ಡಮ್ಮ ಎಲ್ಲ ಇವರೇ. ಟ್ರೇ ಹಿಡಿದು ಬರುವುದು, "ಮಾತಾಡ್ತಾ ಇರಿ, ಬಂದೆ" ಎಂದು ಒಳಗೆ ಹೋಗುವುದು. ಡಾಕ್ಟರು ಅವರನ್ನು ಅಕ್ಕ ಎನ್ನುತ್ತಿದ್ದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೋಗುವವರು, ಒಂದೇ ಬಿಸ್ಕತ್ತಿನ ಪೊಟ್ಟಣ ಹಂಚಿಕೊಂಡು ತಿಂದವರು. ನಾಯಕಿಯ ಕ್ಲೋಸಪ್ ತೆಗೆಯುವಾಗ ಕ್ಯಾಮರಾದ ಆಚೆ ನಿಂತು ಎದುರಿನವರ ಮಾತು ಓದಿ ಹೇಳುವ ಕೆಲಸ ಇಬ್ಬರೂ ಮಾಡಿದ್ದರು. ಅದು ಯಾರಿಗೂ ಕಾಣದ ಕೆಲಸ. ಅದರಲ್ಲೂ ದೊಡ್ಡಮ್ಮ ಕಣ್ಣು ಒದ್ದೆ ಮಾಡಿಕೊಂಡು ಓದುತ್ತಿದ್ದರು. "ಯಾಕಕ್ಕ, ನಿಮ್ಮ ಮುಖ ಕ್ಯಾಮರಾದಲ್ಲೇ ಇಲ್ವಲ್ಲ" ಎಂದರೆ, "ಆ ಹುಡುಗಿಗೆ ಕಾಣುತ್ತಲ್ಲಪ್ಪ" ಎನ್ನುತ್ತಿದ್ದರು.

ಅಂಥ ದೊಡ್ಡಮ್ಮನಿಗೆ ಕೊನೆಗೂ ಒಂದು ಪಾತ್ರ ಬಂತು. ಹೊಸ ಧಾರಾವಾಹಿಯಲ್ಲಿ ನಾಯಕನ ಗೆಳೆಯ ಸಾಯುತ್ತಾನೆ, ಅವನ ತಾಯಿ ಇವರು. ಮಗ ಸತ್ತ ದಿನದ ದೃಶ್ಯ ಸರಿಯಾಗಿ ಬಂದರೆ ಆ ತಾಯಿಯನ್ನೇ ಹಿಡಿದು ಕತೆ ಮುಂದೆ ಬೆಳೆಸುತ್ತೇವೆ ಎಂದು ಡೈರೆಕ್ಟರ್ ಮೇಡಂ ಹೇಳಿದ್ದರು. ತಿಂಗಳುಗಟ್ಟಲೆ ಕೆಲಸ. ಬಸ್ಸಿನಲ್ಲಿ ಇದನ್ನು ಹೇಳುವಾಗ ದೊಡ್ಡಮ್ಮ ಕಿಟಕಿಯ ಕಡೆ ನೋಡುತ್ತಾ ಹೇಳಿದ್ದರು. "ಆಸೆ ಇಟ್ಕೋಬಾರದು ಅಂದ್ಕೊಂಡಿದೀನಿ ಡಾಕ್ಟ್ರೇ. ಆದ್ರೆ ಇಟ್ಕೊಂಡ್ಬಿಟ್ಟಿದೀನಿ" ಎಂದು ನಕ್ಕಿದ್ದರು. ಆ ದೃಶ್ಯದಲ್ಲಿ ಬಾಗಿಲು ತೆರೆದು ಬರುವ ಡಾಕ್ಟರು ನಮ್ಮ ಡಾಕ್ಟರೇ.

ಇದರ ಮಧ್ಯೆ ಒಂದು ಭಾನುವಾರ ಡಾಕ್ಟರು ಹೆಂಡತಿಯ ಜೊತೆ ಮಗಳ ಮನೆಗೆ ಊಟಕ್ಕೆ ಹೋದರು. ಮಗಳ ಅತ್ತೆ, ಅಂದರೆ ಬೀಗಿತ್ತಿ, ಬಾಯಿ ಜೋರಿನ ಹೆಂಗಸು. ಮನಸ್ಸು ಕೆಟ್ಟದ್ದಲ್ಲ, ಆದರೆ ನಗಿಸುವ ಅವಕಾಶ ಸಿಕ್ಕರೆ ಯಾರ ಮಾನವನ್ನಾದರೂ ಮಾರಿಬಿಡುವಂಥವರು. ಎಲ್ಲರೂ ತಟ್ಟೆಯ ಮುಂದೆ ಕೂತಿರುವಾಗ ಶುರುಮಾಡಿದರು. "ಮೊನ್ನೆ ಬೀಗರು ಟಿವಿಯಲ್ಲಿ ಬಂದ್ರು ಅಂತ ಸೊಸೆ ಕೂಗಿದ್ಲು. ಅಡುಗೆಮನೆಯಲ್ಲಿ ನೀರು ಕುಡೀತಾ ಇದ್ದೆ, ಲೋಟ ಹಿಡ್ಕೊಂಡೇ ಓಡಿ ಬಂದೆ. ಎಲ್ಲಿ? ಬಾಗಿಲು ಅಲ್ಲಾಡ್ತಾ ಇತ್ತು ಅಷ್ಟೇ!" ಎಲ್ಲರೂ ನಕ್ಕರು. ಅಳಿಯನೂ ನಕ್ಕ. ಮಗಳು ನಗಲಿಲ್ಲ, ತಲೆ ತಗ್ಗಿಸಿ ಬಡಿಸುತ್ತಿದ್ದಳು. ಡಾಕ್ಟರಿಗೆ ಚುಚ್ಚಿದ್ದು ಅದು. "ಈ ಸಲ ನೋಡಿ ಬೀಗಿತ್ತಿಯವರೇ, ನೀವು ನೀರು ಕುಡಿದು, ಲೋಟ ತೊಳೆದಿಟ್ಟು ಬಂದ್ರೂ ನಾನು ಅಲ್ಲೇ ಇರ್ತೀನಿ" ಎಂದುಬಿಟ್ಟರು. ಮಾತು ಬಾಯಿಂದ ಹೋಯಿತು.

ಆದರೆ ಈ ಸಲ ಹೇಳುವುದಕ್ಕೆ ಒಂದು ಸಾಲೂ ಇರಲಿಲ್ಲ. ಮಾತಿಲ್ಲದ ಪಾತ್ರದಲ್ಲಿ ಅಷ್ಟು ಹೊತ್ತು ಇರುವುದು ಹೇಗೆ? ಶೂಟಿಂಗಿನ ದಿನ ಬೆಳಿಗ್ಗೆ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ಡಾಕ್ಟರು ಅಭ್ಯಾಸ ಮಾಡಿದರು. ತಲೆ ಅಲ್ಲಾಡಿಸುವುದು, ಕನ್ನಡಕ ನಿಧಾನವಾಗಿ ತೆಗೆಯುವುದು, ಹೆಬ್ಬೆರಳಿನಿಂದ ಕಣ್ಣಿನ ಮೂಲೆ ಒರೆಸಿಕೊಳ್ಳುವುದು, ಒಂದು ಹೆಜ್ಜೆ ಮುಂದೆ ಬಂದು ತಾಯಿಯ ಭುಜದ ಮೇಲೆ ಕೈ ಇಡುವುದು. ಡಾಕ್ಟರೂ ಮನುಷ್ಯನೇ ತಾನೆ, ಇದರಿಂದ ದೃಶ್ಯಕ್ಕೇ ತೂಕ ಬರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಸುಮ್ಮನೆ ಹೇಳಿದ್ದಲ್ಲ. ಹೊರಗಿನಿಂದ ಹೆಂಡತಿ ಬಾಗಿಲು ಬಡಿದಾಗ ಬೆಚ್ಚಿ ನಲ್ಲಿ ತಿರುಗಿಸಿದರು.

ಆಸ್ಪತ್ರೆಯ ಸೆಟ್ಟು ಹಾಕಿದ್ದು ಒಂದು ಹಳೆಯ ಗೋದಾಮಿನಲ್ಲಿ. ಗೋಡೆಗೆ ಅರ್ಧ ಹಸಿರು ಬಣ್ಣ, ಸಾಲಾಗಿ ಕಬ್ಬಿಣದ ಕುರ್ಚಿ, ಕೊನೆಯಲ್ಲಿ ಎರಡು ಬಾಗಿಲು, ಮೇಲೊಂದು ಕೆಂಪು ದೀಪ. ಬಾಗಿಲ ಹಿಂದೆ ಪ್ಲೈವುಡ್ಡಿನ ಹಲಗೆಗಳು ಮತ್ತು ಯಾವುದೋ ಹಳೆಯ ಧಾರಾವಾಹಿಯ ಜೈಲಿನ ಕಂಬಿಗಳು. ಲೈಟಿನವರು ಬೆಳಗಿನಿಂದ ದೊಡ್ಡಮ್ಮನ ಮುಖಕ್ಕೆ ಬೆಳಕು ಕೂರಿಸುತ್ತಿದ್ದರು. ಬಾಗಿಲ ಕಡೆಯಿಂದ ಬರುವ ಒಂದೇ ಬೆಳಕು, ಅದು ನೇರ ಅವರ ಕೆನ್ನೆಗೆ. ಆ ಬೆಳಕಿಗೆ ಅಡ್ಡ ಬರದ ಹಾಗೆ ಡಾಕ್ಟರಿಗೆ ನಿಲ್ಲಲು ನೆಲದ ಮೇಲೆ ಕಪ್ಪು ಟೇಪು ಅಂಟಿಸಿದ್ದರು.

ಡೈರೆಕ್ಟರ್ ಮೇಡಂ ವಯಸ್ಸಿನಲ್ಲಿ ಡಾಕ್ಟರ ಮಗಳಷ್ಟು. ಧ್ವನಿ ಎತ್ತಿ ಮಾತಾಡುವವರಲ್ಲ, ಅದಕ್ಕೇ ಎಲ್ಲರಿಗೂ ಭಯ. "ಡಾಕ್ಟ್ರೇ, ಹೊರಗೆ ಬನ್ನಿ, ಟೇಪ್ ಮೇಲೆ ನಿಲ್ಲಿ. ಅವರು ಕೇಳ್ತಾರೆ, ನೀವು ತಲೆ ಅಲ್ಲಾಡಿಸಿ, ಎಡಗಡೆಗೆ ಹೋಗಿಬಿಡಿ. ಆಮೇಲಿಂದು ದೊಡ್ಡಮ್ಮಂದು" ಎಂದರು.

ದೊಡ್ಡಮ್ಮ ಕೈ ಕಟ್ಟಿಕೊಂಡು ನಿಂತಿದ್ದರು. "ಮೇಡಂ, ಒಂದು ಕೇಳ್ಲಾ? ಅಳೋದನ್ನ ರಿಹರ್ಸಲ್‌ನಲ್ಲಿ ಮಾಡಲ್ಲ. ನನಗೆ ಬರೋದು ಒಂದೇ ಸಲ. ಎರಡನೇ ಸಲಕ್ಕೆ ಅದು ನಟನೆ ಆಗೋಗುತ್ತೆ. ಕಣ್ಣಿಗೆ ಗ್ಲಿಸರಿನ್ನೂ ಬೇಡ."

ಮೇಡಂ ಒಪ್ಪಿದರು. ಒಂದು ಕ್ಯಾಮರಾ ದೊಡ್ಡಮ್ಮನ ಮುಖಕ್ಕೆ, ಇನ್ನೊಂದು ಬಾಗಿಲ ಕಡೆಗೆ. ಸೆಟ್ಟಿನಲ್ಲಿ ಫ್ಯಾನು ನಿಲ್ಲಿಸಿದರು. ಹತ್ನಿಮಿಷ ಕೂಡ ಫೋನನ್ನು ಜೇಬಿಗೆ ಹಾಕಿಕೊಂಡ.

ಆಕ್ಷನ್ ಎಂದ ಕೂಡಲೇ ಡಾಕ್ಟರು ಬಾಗಿಲು ತಳ್ಳಿ ಬಂದು ಟೇಪಿನ ಮೇಲೆ ನಿಂತು ಮಾಸ್ಕು ಇಳಿಸಿದರು. ದೊಡ್ಡಮ್ಮ ಕುರ್ಚಿಯಿಂದ ಎದ್ದರು. ಮುಖದಲ್ಲಿ ನಗು. "ಎಚ್ಚರ ಆಯ್ತಾ ಡಾಕ್ಟ್ರೇ?" ಡಾಕ್ಟರು ತಲೆ ಅಲ್ಲಾಡಿಸಿದರು. ಎಡಗಡೆಗೆ ಹೋಗಬೇಕಿತ್ತು, ಹೋಗಲಿಲ್ಲ. ಕನ್ನಡಕ ತೆಗೆದರು. ಕಣ್ಣಲ್ಲಿ ನೀರು ಬಂತು, ಅದನ್ನು ಹೆಬ್ಬೆರಳಿನಿಂದ ಒರೆಸಿಕೊಂಡರು.

ಅಷ್ಟರಲ್ಲಿ ಎದುರಿನ ಮುಖ ಕಂಡಿತು. ದೊಡ್ಡಮ್ಮ ಇನ್ನೂ ನಗುತ್ತಲೇ ಇದ್ದರು. ಸುದ್ದಿ ಕಣ್ಣಿಗೆ ತಲುಪಿತ್ತು, ಮುಖಕ್ಕೆ ತಲುಪಿರಲಿಲ್ಲ. ಕೆಳತುಟಿಯ ಒಂದು ಮೂಲೆ ಮಾತ್ರ ನಡುಗಲು ಶುರುವಾಗಿತ್ತು. ಇಷ್ಟು ವರ್ಷ ಯಾರ ಯಾರದೋ ಅಳುವನ್ನು ಎದುರು ನಿಂತು ಕಂಡಿದ್ದ ಡಾಕ್ಟರಿಗೆ ಗೊತ್ತಾಯಿತು, ಇಂಥದ್ದನ್ನು ತಾನು ನೋಡಿಯೇ ಇಲ್ಲ ಎಂದು. ಈ ಕ್ಷಣ ಪಕ್ಕಕ್ಕೆ ಸರಿದರೆ ಸಾಕು, ಈ ಹೆಂಗಸು ಏನೋ ದೊಡ್ಡದನ್ನು ಮಾಡಲಿದ್ದಾರೆ ಎಂದೂ ಗೊತ್ತಾಯಿತು. ಎಲ್ಲ ಗೊತ್ತಿದ್ದೂ ಕಾಲು ಮುಂದೆ ಹೋಯಿತು, ಕೈ ಎದ್ದು ಅವರ ಭುಜದ ಮೇಲೆ ಕೂತಿತು.

ನೆರಳು ದೊಡ್ಡಮ್ಮನ ಅರ್ಧ ಮುಖವನ್ನು ನುಂಗಿತು. ಅವರ ಕಣ್ಣು ಒಮ್ಮೆ ಮಿಟುಕಿತು. ಆಮೇಲೆ ಅವರು ನೋಡಿದ್ದು ತಾಯಿ ಡಾಕ್ಟರನ್ನು ನೋಡುವ ನೋಟವಲ್ಲ. ಬಸ್ಸಿನಲ್ಲಿ ಪಕ್ಕ ಕೂರುವವರು ಪಕ್ಕದವರನ್ನು ನೋಡುವ ನೋಟ. ಇದೇನು ಮಾಡ್ತಿದೀರಿ ಎಂದು ಆ ಕಣ್ಣು ಕೇಳಿತು. ತುಟಿಯ ನಡುಕ ನಿಂತುಹೋಯಿತು.

"ಕಟ್" ಎಂದರು ಮೇಡಂ. ಎದ್ದು ಬಂದರು. "ಇದು ಎಲ್ಲೂ ಇರಲಿಲ್ಲವಲ್ಲ ಡಾಕ್ಟ್ರೇ. ಕನ್ನಡಕ, ಕಣ್ಣೀರು, ಭುಜ. ಹೀಗೆ ಮಾಡಿ ಅಂತ ಯಾರು ಹೇಳಿದ್ದು ನಿಮಗೆ?"

ಸುತ್ತ ಲೈಟಿನವರು, ಮೇಕಪ್ಪಿನವರು, ಮೊನ್ನೆಯಷ್ಟೇ ಇವರ ಹತ್ತಿರ ಪಾಠ ಕೇಳಿಸಿಕೊಂಡ ನರ್ಸ್ ಪಾತ್ರದ ಹುಡುಗಿ. ನಾನೇ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾಲಿಗೆ ಮೇಲೇಳಲಿಲ್ಲ.

"ನಾನೇ ಹೇಳಿದ್ದು ಮೇಡಂ." ಮಾತಾಡಿದ್ದು ದೊಡ್ಡಮ್ಮ. "ಭುಜ ಹಿಡಿದ್ರೆ ನನಗೆ ಅಳೋಕೆ ಅನುಕೂಲ ಆಗುತ್ತೆ ಅಂತ." ಹೇಳಿ ಡಾಕ್ಟರ ಕಡೆ ತಿರುಗಿದರು. ತಿರುಗಿ, ನೋಡುತ್ತಲೇ ನಿಂತರು.

ಡಾಕ್ಟರು ಕನ್ನಡಕವನ್ನು ಕೋಟಿನ ಅಂಚಿನಿಂದ ಒರೆಸಿ ಹಾಕಿಕೊಂಡರು. ಅಷ್ಟೇ.

ಮೇಡಂ ದೊಡ್ಡಮ್ಮನ ಕಡೆ ತಿರುಗಿದರು. "ದೊಡ್ಡಮ್ಮ, ಸೆಟ್ಟಲ್ಲಿ ಡೈರೆಕ್ಟರ್ ಒಬ್ಬರೇ ಇರಬೇಕು. ನಿಮ್ಮಿಂದ ನಾನು ಇದನ್ನ ನಿರೀಕ್ಷೆ ಮಾಡಿರಲಿಲ್ಲ" ಎಂದು ಹೇಳಿ ತಮ್ಮ ಜಾಗಕ್ಕೆ ಹೋದರು. ಮತ್ತೆ ತೆಗೆದರು. ದೊಡ್ಡಮ್ಮ ನಕ್ಕರು, ಕೇಳಿದರು, ಅಳಲು ನೋಡಿದರು, ಬರಲಿಲ್ಲ. ಇನ್ನೊಮ್ಮೆ ತೆಗೆದರು. ಕೊನೆಗೆ ಮೇಕಪ್ಪಿನವನು ಬಂದು ಅವರ ಕಣ್ಣಿನ ಕೆಳಗೆ ಗ್ಲಿಸರಿನ್ ಹಚ್ಚಿದ. ಮುಖ ಮೇಲೆತ್ತಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ದೊಡ್ಡಮ್ಮ ಹಚ್ಚಿಸಿಕೊಂಡರು. ಡಾಕ್ಟರು ಇದನ್ನೆಲ್ಲ ಬಾಗಿಲ ಹಿಂದೆ, ಜೈಲಿನ ಕಂಬಿಗಳ ಪಕ್ಕದಲ್ಲಿ ನಿಂತು, ಹಲಗೆಯ ಸಂದಿನಿಂದ ನೋಡಿದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಅನ್ನಿಸಿತು. ಆದರೆ ನುಂಗಿಸಿಕೊಳ್ಳುವುದಕ್ಕಿಂತ ಸುಲಭದ ದಾರಿಯೊಂದು ನಾಲ್ಕೇ ಹೆಜ್ಜೆ ಆಚೆ ಕೂತಿತ್ತು. ಹೋಗಿ ಮೇಡಂಗೆ ಹೇಳಿದ್ದರೆ ಮುಗಿಯುತ್ತಿತ್ತು.

ಮೇಡಂ ಸಿಟ್ಟಿನಲ್ಲಿದ್ದಾರೆ, ತಣ್ಣಗಾಗಲಿ, ಆಮೇಲೆ ಹೇಳೋಣ ಎಂದುಕೊಂಡರು. ಊಟದ ಹೊತ್ತಿಗೆ, ಮೇಡಂ ಊಟ ಮಾಡುತ್ತಿದ್ದಾರೆ, ಈಗ ಬೇಡ ಎಂದುಕೊಂಡರು. ಸಂಜೆ ಟೀ ತೆಗೆದುಕೊಂಡು ದೊಡ್ಡಮ್ಮನ ಹತ್ತಿರ ಹೋದರು. "ಅಕ್ಕ, ದೊಡ್ಡ ಮನಸ್ಸು ನಿಮ್ಮದು. ನನ್ನ ಮರ್ಯಾದೆ ಉಳಿಸಿದ್ರಿ" ಎಂದರು. ದೊಡ್ಡಮ್ಮ ಅವರನ್ನೇ ನೋಡಿ, "ಟೀ ಆರ್ತಾ ಇದೆ, ಕುಡೀರಿ" ಎಂದಷ್ಟೇ ಹೇಳಿದರು. ಅಂದು ಬಸ್ಸಿಗೂ ಬರಲಿಲ್ಲ, ಬೇರೆ ಕೆಲಸ ಇದೆ ಎಂದರು.

ಆ ಕಂತು ಟಿವಿಯಲ್ಲಿ ಬಂದ ದಿನ ಏನಾಯಿತು ಗೊತ್ತೇ? ಎಡಿಟಿಂಗ್‌ನಲ್ಲಿ ಕೂತವರಿಗೆ ದೊಡ್ಡಮ್ಮನ ಯಾವ ಟೇಕೂ ಹಿಡಿಸಿರಲಿಲ್ಲ. ಆದರೆ ಬಾಗಿಲ ಕಡೆಯ ಕ್ಯಾಮರಾದಲ್ಲಿ ಡಾಕ್ಟರ ಒದ್ದೆ ಕಣ್ಣು ಚೆನ್ನಾಗಿ ಸಿಕ್ಕಿತ್ತು. ಕನ್ನಡಕ ತೆಗೆಯುವುದು, ಹೆಬ್ಬೆರಳು, ಹಿನ್ನೆಲೆಯಲ್ಲಿ ಪಿಟೀಲು. ತೆರೆಯ ತುಂಬ ಡಾಕ್ಟರು. ದೊಡ್ಡಮ್ಮನದು ಒಂದು ಅಂಚಿನಲ್ಲಿ ಬೆನ್ನು ಮಾತ್ರ. ಬೀಗಿತ್ತಿ ತಾವಾಗಿಯೇ ಫೋನು ಮಾಡಿದರು. "ಬೀಗರೇ, ನೀರು ಕುಡಿಯೋದೇ ಮರೆತ್ಹೋಯ್ತು! ಅತ್ತುಬಿಟ್ಟೆ ಕಣ್ರೀ." ಹಿಂದಿನಿಂದ ಮಗಳು, "ಅಪ್ಪಾ, ತುಂಬಾ ಚೆನ್ನಾಗಿತ್ತು" ಎಂದು ಕೂಗಿದ್ದು ಕೇಳಿಸಿತು. ಇದಕ್ಕಾಗಿಯೇ ಇಷ್ಟು ವರ್ಷ ಕಾದಿದ್ದು. ಈಗ ಆ ಮಾತು ಕಿವಿಗೆ ಬಿದ್ದಾಗ ಡಾಕ್ಟರಿಗೆ ಮೈಯೆಲ್ಲ ಚುರುಚುರು ಉರಿಯಿತು. "ಯಾಕ್ರೀ, ಮುಖ ಹೀಗಿದೆ?" ಎಂದಳು ಹೆಂಡತಿ. ತಲೆನೋವು ಎಂದು ಹೇಳಿ ಮಲಗಿದರು.

ಬೀದಿಯಲ್ಲಿ ಜನ ಗುರುತು ಹಿಡಿಯತೊಡಗಿದರು. ತರಕಾರಿ ಅಂಗಡಿಯವನು 'ಅಳೋ ಡಾಕ್ಟ್ರು' ಎಂದು ಹೆಸರಿಟ್ಟ. ಒಂದು ದಿನ ಹತ್ನಿಮಿಷ ಫೋನು ಮಾಡಿದ. "ಡಾಕ್ಟ್ರೇ, ಮುಂದಿನ ಧಾರಾವಾಹಿಯಲ್ಲಿ ನಿಮಗೆ ಜಡ್ಜ್ ಪಾತ್ರ. ಮನೆ, ಹೆಂಡ್ತಿ, ಮಗಳು ಎಲ್ಲ ಇದೆ ನಿಮಗೆ. ದಿನಾ ಕೆಲಸ."

"ಹೆಂಡತಿ ಪಾತ್ರಕ್ಕೆ ದೊಡ್ಡಮ್ಮನ್ನ ಕರೀರಪ್ಪ" ಎಂದರು ಡಾಕ್ಟರು.

"ಅವರು ಬೇಡ ಬಿಡಿ. ಮೇಡಂ ಬೇಡ ಅಂದ್ಬಿಟ್ಟಿದಾರೆ. ಸೆಟ್ಟಲ್ಲಿ ಎಲ್ಲರಿಗೂ ಹೇಳಿಕೊಡ್ತಾರಂತೆ. ಆ ಧಾರಾವಾಹಿಯಲ್ಲೂ ಅವರನ್ನ ತಂಗಿ ಮನೆಗೆ ಕಳಿಸಿಬಿಟ್ವಲ್ಲ, ಗೊತ್ತಿಲ್ವಾ?"

ಧಾರಾವಾಹಿಯಲ್ಲಿ ತಂಗಿಯ ಮನೆಗೆ ಹೋದವರು ವಾಪಸು ಬಂದದ್ದು ಯಾರಿಗೂ ಗೊತ್ತಿಲ್ಲ. ಸಾಯಿಸುವುದಕ್ಕೂ ಒಂದು ದೃಶ್ಯ ಬೇಕು; ಅಷ್ಟೂ ದಂಡ ಅನ್ನಿಸಿದವರನ್ನು ತಂಗಿಯ ಮನೆಗೆ ಕಳಿಸುತ್ತಾರೆ. ಡಾಕ್ಟರು ಫೋನು ಹಿಡಿದುಕೊಂಡೇ ಗೋಡೆಗೆ ಒರಗಿದರು.

"ನೋಡಪ್ಪ, ಅವತ್ತು ಅವರು ಹೇಳಿಕೊಟ್ಟಿದ್ದಲ್ಲ. ನಾನೇ ಮಾಡಿದ್ದು. ಬೆಳಿಗ್ಗೆ ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡ್ಕೊಂಡು ಬಂದಿದ್ದೆ."

ಆ ಕಡೆ ಹತ್ನಿಮಿಷ ಜೋರಾಗಿ ನಕ್ಕ. "ಡಾಕ್ಟ್ರೇ, ನಿಮ್ಮನ್ನ ನಾನು ಇವತ್ತು ನೋಡ್ತಾ ಇದೀನಾ? ನೀವು ಟೇಪ್ ಬಿಟ್ಟು ಕದಲೋರಾ? ನಿಮ್ಮ ಗುಣ ದೊಡ್ಡದು, ಅವರ ತಪ್ಪನ್ನ ಮೈಮೇಲೆ ಎಳ್ಕೊಳ್ತಾ ಇದೀರಿ. ಬಿಡಿ, ಬಿಡಿ." ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಇಷ್ಟು ವರ್ಷ ಕಟ್ಟಿಕೊಂಡ ಒಳ್ಳೆಯ ಹೆಸರು ಈಗ ಅಡ್ಡ ನಿಂತಿತ್ತು.

ಮರುದಿನ ಡಾಕ್ಟರು ಸೆಟ್ಟಿಗೇ ಹೋದರು. ಕರೆಯದೆ ಡೈರೆಕ್ಟರ ಹತ್ತಿರ ಹೋಗಬಾರದು ಎಂದು ಊರಿಗೆಲ್ಲ ಹೇಳಿದವರು, ಎರಡು ಶಾಟಿನ ನಡುವೆ ಮೇಡಂ ಮುಂದೆ ಹೋಗಿ ನಿಂತರು. ಎಲ್ಲ ಹೇಳಿದರು. ಬೀಗಿತ್ತಿಯ ಲೋಟದ ಮಾತನ್ನೂ ಬಿಡದೆ ಹೇಳಿದರು. ಹೇಳುವಾಗ ಕಣ್ಣಲ್ಲಿ ನೀರು ಬಂತು. ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಈ ಅಳುವನ್ನು ಮೇಡಂ ಒಮ್ಮೆ ತೆರೆಯ ಮೇಲೆ ನೋಡಿದ್ದಾರೆ ಎಂದು ನೆನಪಾಗಿ ಕೈ ಅರ್ಧದಲ್ಲೇ ನಿಂತಿತು.

ಮೇಡಂ ತಾಳ್ಮೆಯಿಂದ ಕೇಳಿದರು. ಆಮೇಲೆ ಮೆಲ್ಲಗೆ, "ದೊಡ್ಡಮ್ಮ ನಿಮ್ಮನ್ನ ಕಳಿಸಿದ್ರಾ?" ಎಂದರು.

"ಅಯ್ಯೋ, ಇಲ್ಲ ಮೇಡಂ! ಅವರಿಗೆ ಗೊತ್ತೇ ಇಲ್ಲ."

"ಅವತ್ತು ಅಷ್ಟು ಜನರ ಮುಂದೆ ಕೇಳ್ದಾಗ ನೀವು ಸುಮ್ಮನಿದ್ರಿ. ಈಗ ಅವರಿಗೆ ಕೆಲಸ ಹೋದ ಮೇಲೆ ಬಂದು ಹೀಗೆ ಹೇಳ್ತಿದೀರಿ. ನಾನು ಏನಂತ ತಿಳ್ಕೋಬೇಕು ಹೇಳಿ? ಪಾಪ, ನೀವು ಒಳ್ಳೆಯವರು. ನಿಮ್ಮಂಥವರನ್ನ ಮುಂದೆ ಬಿಟ್ಟು ಅವರು ಹೀಗೆ ಮಾಡಬಾರದಿತ್ತು." ಹೇಳಿ ಮಾನಿಟರ್ ಕಡೆ ತಿರುಗಿದರು. ಮುಂದಿನ ಶಾಟಿಗೆ ಎಲ್ಲ ಸಿದ್ಧವಾಗಿತ್ತು, ಯಾರೋ ಡಾಕ್ಟರ ತೋಳು ಹಿಡಿದು ಕ್ಯಾಮರಾದ ದಾರಿಯಿಂದ ಪಕ್ಕಕ್ಕೆ ಕರೆದುಕೊಂಡರು.

ತಪ್ಪು ತಿದ್ದಲು ಹೋಗಿ ಅದಕ್ಕೆ ಇನ್ನೊಂದು ತಪ್ಪು ಅಂಟಿಸಿ ಬಂದಾಗಿತ್ತು. ಈಗ ದೊಡ್ಡಮ್ಮನ ಮನೆಗೆ ಹೋಗದೆ ವಿಧಿಯಿರಲಿಲ್ಲ. ಎರಡನೇ ಮಹಡಿಯ ಒಂದೇ ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ದೊಡ್ಡಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು, ತೊಡೆಯ ಮೇಲೆ ಪಕ್ಕದ ಮನೆಯ ಕೂಸು ನಿದ್ದೆ ಹೋಗಿತ್ತು. ಅದರ ತಾಯಿ ಕೆಲಸಕ್ಕೆ ಹೋಗಿ ಬರುವವರೆಗೆ ನೋಡಿಕೊಳ್ಳುವುದು ಈಗ ಇವರ ಕೆಲಸ. ತುಟಿಯ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಕೂರಲು ಹೇಳಿದರು.

ಡಾಕ್ಟರು ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದರು. ಮ್ಯಾನೇಜರ್ ನಕ್ಕಿದ್ದು, ಮೇಡಂ ಕೇಳಿದ್ದು, ಒಂದನ್ನೂ ಮುಚ್ಚಲಿಲ್ಲ. ದೊಡ್ಡಮ್ಮ ಕೂಸಿನ ಬೆನ್ನು ತಟ್ಟುತ್ತಾ ಕೇಳಿದರು. "ನಾನು ಕಳಿಸಿದೆ ಅಂತ ಮೇಡಂ ಅಂದ್ಕೊಂಡ್ರಾ?" ಎಂದು ಒಮ್ಮೆ ಮಾತ್ರ ಕೇಳಿದರು. ಡಾಕ್ಟರು ಹೌದೆಂದು ತಲೆ ತಗ್ಗಿಸಿದರು.

"ನನಗೋಸ್ಕರ ತಪ್ಪನ್ನ ಹೊತ್ಕೊಂಡ್ರಿ ಅಕ್ಕ. ನಾನು ಅದನ್ನ ಉಳಿಸ್ಕೊಳ್ಳಲಿಲ್ಲ" ಎಂದರು ಡಾಕ್ಟರು.

ದೊಡ್ಡಮ್ಮನ ಕೈ ನಿಂತಿತು. "ನಾನ್ಯಾಕೆ ಹೊರ್ಲಿ ನಿಮ್ಮ ತಪ್ಪನ್ನ?" ಎಂದರು. ಧ್ವನಿ ಏರಲಿಲ್ಲ, ಕೂಸು ಮಲಗಿತ್ತಲ್ಲ. "ಮೇಡಂ ಕೇಳಿದ ಕೂಡ್ಲೇ ನಿಮ್ಮ ಮುಖ ಬಿಳಿಚ್ಕೊಂಡಿತು. ಪಾಪ, ಗಾಬರಿಯಾಗಿದ್ದಾರೆ, ಉಸಿರು ತಗೊಳ್ಳೋಕೆ ಒಂದು ಗಳಿಗೆ ಬೇಕು ಅಂತ ನಾನು ಮಧ್ಯ ಬಾಯಿ ಹಾಕ್ದೆ. ಅಷ್ಟೊತ್ತಿಗೆ ನೀವು 'ಇಲ್ಲ ಮೇಡಂ, ನಾನೇ' ಅಂತೀರಿ ಅಂದ್ಕೊಂಡೆ. ನಿಮ್ಮನ್ನೇ ನೋಡ್ತಾ ನಿಂತಿದ್ದೆ. ನೀವು ಕನ್ನಡಕ ಒರೆಸ್ಕೊಂಡ್ರಿ."

ಇಷ್ಟು ದಿನ ಅದನ್ನು ಅವರ ದೊಡ್ಡ ಮನಸ್ಸು ಎಂದು ಕರೆದು, ಆ ಹೆಸರಿನ ಕೆಳಗೆ ತಾನು ನೆಮ್ಮದಿಯಾಗಿ ಅಡಗಿಕೊಂಡಿದ್ದು ಡಾಕ್ಟರಿಗೆ ಅರ್ಥವಾಯಿತು. ಅವರು ಕೊಟ್ಟದ್ದು ದಾನವಲ್ಲ, ನಂಬಿಕೆ. ಅದನ್ನು ತಾವು ದಾನವೆಂದು ತೆಗೆದುಕೊಂಡು ಮನೆಗೆ ಹೋಗಿದ್ದರು. "ಈಗ ನಾನೇನು ಮಾಡ್ಲಿ ಅಕ್ಕ?" ಎಂದರು.

"ಜಡ್ಜ್ ಪಾತ್ರ ಮಾಡಿ. ಬಿಟ್ರೆ ನನಗೇನೂ ಅದು ಬರಲ್ಲ. ಆದ್ರೆ ಒಂದು ಮಾತು. ಇನ್ಮೇಲೆ ನನ್ನ ವಿಷಯ ಎಲ್ಲೂ ಎತ್ತಬೇಡಿ. ಒಳ್ಳೇದಕ್ಕೂ ಬೇಡ."

ಡಾಕ್ಟರು ಎದ್ದರು. ದೊಡ್ಡಮ್ಮ ಏಳಲಿಲ್ಲ, ಮಗು ಮಲಗಿರದಿದ್ದರೂ ಏಳುತ್ತಿರಲಿಲ್ಲವೇನೋ. ಮೆಟ್ಟಿಲಿನಲ್ಲಿ ಕೆಲಸದಿಂದ ಬರುತ್ತಿದ್ದ ಕೂಸಿನ ತಾಯಿ ಎದುರಾದಳು. ಇವರ ಮುಖ ನೋಡಿ ಅವಳ ಮುಖ ಅರಳಿತು. "ಅಯ್ಯೋ! ನೀವು ಅಳೋ ಡಾಕ್ಟ್ರಲ್ವಾ? ನಮ್ಮ ದೊಡ್ಡಮ್ಮನೂ ಟಿವಿಯಲ್ಲಿ ಮಾಡ್ತಾರೆ, ನಿಮಗೆ ಪರಿಚಯ ಇದ್ಯಾ?" ಎಂದು ಮೇಲಿನ ಕೋಣೆಗೂ ಕೇಳಿಸುವ ಹಾಗೆ ಕೇಳಿದಳು.

ಹೌದು ಎಂದರೂ ಅವರ ವಿಷಯ ಎತ್ತಿದಂತೆ, ಇಲ್ಲ ಎಂದರೆ ಇನ್ನೊಂದು ಸುಳ್ಳು. ಡಾಕ್ಟರು ಬಾಯಿ ತೆರೆದು, ಮುಚ್ಚಿ, ಗೋಡೆಗೆ ಒತ್ತಿ ನಿಂತು ಅವಳಿಗೆ ದಾರಿ ಬಿಟ್ಟರು.